ಮೂರು ಕೆಂಪು ಚುಕ್ಕೆ

ಮೂರು ಗ್ಯಾರೇಜಿನವರು ಮೂರು ಮಾತು ಹೇಳಿದ್ದರು. ಮೊದಲನೆಯವನು ಬಾನೆಟ್ ಎತ್ತಿದ ಅರೆ ನಿಮಿಷದಲ್ಲೇ, "ಸಿಲಿಂಡರ್ ಹೆಡ್ ಬೆಂಡಾಗಿದೆ, ಹೊಸದೇ ಹಾಕಿಸ್ಬೇಕು" ಎಂದ. ಎರಡನೆಯವನು, "ಯಾರು ಹೇಳಿದ್ದು? ಹೆಡ್ ಕಲ್ಲುಗುಂಡಿನ ಹಾಗಿದೆ. ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿದೆ ಅಷ್ಟೇ" ಎಂದು ನಕ್ಕ. ಮೂರನೆಯವನು ಬಾನೆಟ್ ಎತ್ತಲೂ ಇಲ್ಲ. ಹಿಂದಿನಿಂದ ಬರುವ ಬಿಳಿ ಹೊಗೆ ನೋಡಿ, "ಅಕ್ಕಾ, ಎಂಜಿನ್ ಕಥೆ ಮುಗೀತು. ಮಾರಿಬಿಡಿ, ನಾನೇ ತಗೋತೀನಿ" ಎಂದ.

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವ ಅವಳಿಗೆ ಮನುಷ್ಯರ ಮೊಣಕಾಲು, ಭುಜ ಮುಟ್ಟಿದರೆ ನೋವೆಲ್ಲಿದೆ ಎಂದು ತಿಳಿಯುತ್ತಿತ್ತು. ಕಾರಿನ ನೋವು ತಿಳಿಯುತ್ತಿರಲಿಲ್ಲ. ಅದನ್ನು ತಿಳಿದಿದ್ದವರು ಅಪ್ಪ. ದಿನವೂ ಬೆಳಿಗ್ಗೆ ಮಗುವಿನ ತಲೆ ಮುಟ್ಟಿದ ಹಾಗೆ ಬಾನೆಟ್ಟಿನ ಮೇಲೆ ಕೈಯಿಟ್ಟು, "ದೇವರೇ, ಕರ್ಕೊಂಡು ಹೋಗಿ ಕರ್ಕೊಂಡು ಬಾ" ಎಂದು ಹೇಳಿಯೇ ಅವರು ಗಾಡಿ ಹತ್ತುತ್ತಿದ್ದರು. ಹೋದ ವರ್ಷ ದೇವರು ಅವರನ್ನು ಕರೆದುಕೊಂಡು ಹೋದ, ಕರೆದುಕೊಂಡು ಬರಲಿಲ್ಲ. ಅವರು ಕೈಯಿಡುತ್ತಿದ್ದ ಜಾಗದಲ್ಲಿ ಈಗ ಅವಳು ಕೈಯಿಡುತ್ತಿದ್ದಳು.

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿದ್ದನ್ನು ಕಂಡೂ ಅವಳು ಗಾಡಿ ನಿಲ್ಲಿಸಿರಲಿಲ್ಲ. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯೊಬ್ಬರು ಕಾಯುತ್ತಿದ್ದರು, ಇನ್ನೆರಡೇ ತಿರುವು ಎಂದುಕೊಂಡಿದ್ದಳು. ಅಪ್ಪ ಹದಿನಾರು ವರ್ಷ ಕಾಪಾಡಿದ್ದನ್ನು ಎರಡು ತಿರುವಿನಲ್ಲಿ ಸುಟ್ಟೆನಲ್ಲ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಹೇಗಾದರೂ ಅಪ್ಪನ ಎಂಜಿನ್ ಅಪ್ಪನದಾಗಿಯೇ ಉಳಿಯಬೇಕು. ಆದರೆ ಯಾರನ್ನು ನಂಬುವುದು?

"ಗೊತ್ತಿಲ್ಲಪ್ಪನ ಹತ್ರ ಹೋಗಮ್ಮ," ಎಂದರು ಮೊಣಕಾಲು ನೀವಿಸಿಕೊಳ್ಳುತ್ತಿದ್ದ ಹಳೆಯ ಬಸ್ ಡ್ರೈವರ್.

"ಯಾರದು?"

"ಹೆಡ್ ಕೆಲಸದವನು. ಬಿಚ್ಚಿ ನೋಡೋವರೆಗೆ ಏನು ಕೇಳಿದ್ರೂ ಗೊತ್ತಿಲ್ಲ ಅಂತಾನೆ. ಮದುವೆ ಯಾವಾಗಪ್ಪ ಅಂದ್ರೂ ಗೊತ್ತಿಲ್ಲ ಅಂತಾ ಅಂತಾ ನಲವತ್ತು ದಾಟಿಸಿದ. ಅಯ್ಯೋ, ಮೆಲ್ಲಗೆ ಕಣಮ್ಮ, ಅದು ಮೊಣಕಾಲು, ಗೇರ್ ಅಲ್ಲ!"

ಮನೆಯಲ್ಲಿ ಚಿಕ್ಕಮ್ಮ ಇದನ್ನು ಕೇಳಿ ಮೂಗು ಮುರಿದರು. "ಮಾತಾಡದ ಗಂಡಸನ್ನ ನಂಬಬೇಡ. ಒಳ್ಳೇ ಹೆಡ್ ಎತ್ತಿಟ್ಟುಕೊಂಡು ಯಾವುದೋ ಹಳೇದು ಕೂರಿಸಿ ಕಳಿಸ್ತಾರಂತೆ. ಗುರುತು ಮಾಡಿಟ್ಕೋ." ಹೀಗೆಂದು ಒಂದು ಸಣ್ಣ ಕೆಂಪು ನೇಲ್ ಪಾಲಿಶ್ ಶೀಸೆಯನ್ನು ಅವಳ ಬ್ಯಾಗಿಗೆ ಹಾಕಿದರು. "ಉಗುರಿಗಂತೂ ಒಂದು ದಿನ ಹಚ್ಚಿದವಳಲ್ಲ. ಎಂಜಿನ್‌ಗಾದರೂ ಹಚ್ಚು."

ಗೊತ್ತಿಲ್ಲಪ್ಪನ ಶೆಡ್ ಉದ್ದವಾಗಿ, ತಂಪಾಗಿ, ಅವಳು ಎಣಿಸಿದ್ದಕ್ಕಿಂತ ಶುಭ್ರವಾಗಿತ್ತು. ಅವನು ಎಂಜಿನ್ ಶಬ್ದ ಕೇಳಿದ, ಹೊಗೆ ನೋಡಿದ, ಆಯಿಲ್ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಂಡ.

"ಏನಾಗಿದೆ?" ಎಂದಳು.

"ಗೊತ್ತಿಲ್ಲ."

ಅವಳಿಗೆ ನಗು ಬಂತು, ಸಿಟ್ಟೂ ಬಂತು. "ಮೂರು ಕಡೆ ತೋರಿಸಿ ಬಂದಿದ್ದೀನಿ. ಅಂದಾಜಾದರೂ ಹೇಳಿ."

"ಅಂದಾಜು ಮೂರು ಜನ ಹೇಳಿರ್ತಾರಲ್ಲ ಮೇಡಂ," ಎಂದು ಅವನು ತಲೆಯೆತ್ತಿದ. ಕಿವಿಯ ಬಳಿ ಕೂದಲು ನರೆತಿತ್ತು. ಕಣ್ಣು ಮಾತ್ರ ಯಾವುದೋ ತುಂಟತನವನ್ನು ಬಚ್ಚಿಟ್ಟುಕೊಂಡಂತಿತ್ತು. "ಹೆಡ್ ಬಿಚ್ಚುವಾಗ ನೀವು ಇರಬೇಕು. ಗಾಡಿಯವರು ಎದುರಿಲ್ಲದೆ ನಾನು ಬಿಚ್ಚೋದಿಲ್ಲ."

ಬಿಚ್ಚಿದ. ಅಲ್ಯೂಮಿನಿಯಂ ಹೆಡ್ ಬೆಂಚಿನ ಮೇಲೆ ಬಂದು ಕೂತಿತು, ಮಸಿ ಹಿಡಿದ ಪಾತ್ರೆಯಂತೆ. ಅವನು ತಳವನ್ನು ಕೆರೆದು ಒರೆಸಿ, ಅದರ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿಯೊಂದನ್ನು ನಿಲ್ಲಿಸಿದ. "ಬಗ್ಗಿ ಈ ಕಡೆಯಿಂದ ನೋಡಿ. ನಾನು ಆ ಕಡೆಯಿಂದ ಟಾರ್ಚ್ ಹಿಡೀತೀನಿ. ಪಟ್ಟಿ ಕೆಳಗೆ ಬೆಳಕು ಕಾಣುತ್ತಾ?"

ಬಗ್ಗಿದಳು. ನಡುವೆ ಕೂದಲೆಳೆಯಷ್ಟು ಬೆಳಕು ಮಿನುಗುತ್ತಿತ್ತು. "ಕಾಣುತ್ತೆ."

"ಅಂದ್ರೆ ಹೆಡ್ ಬಾಗಿದೆ ಅಂತ. ಇವತ್ತಿಗೆ ಅಷ್ಟು ಗೊತ್ತು. ಬಿರುಕಿದೆಯೋ ಇಲ್ಲವೋ ಗೊತ್ತಿಲ್ಲ. ತೊಳೆದು, ನೀರೊಳಗೆ ಗಾಳಿ ಕೊಟ್ಟು ನೋಡಬೇಕು."

ಪಟ್ಟಿಯ ಮೇಲಿನಿಂದ ಇಬ್ಬರ ಕಣ್ಣೂ ಕೂಡಿದವು. ಒಂದು ಗಳಿಗೆ ಯಾರೂ ತಲೆ ಎತ್ತಲಿಲ್ಲ. ಇಷ್ಟು ಹತ್ತಿರದಿಂದ ನೋಡುತ್ತಿರುವುದು ಕಾರಿನ ಕೆಲಸಕ್ಕೋ ಬೇರೆಯದಕ್ಕೋ ಎಂದು ಅವಳಿಗೆ ತಿಳಿಯಲಿಲ್ಲ. ಅಪ್ಪ ಇದ್ದಿದ್ದರೆ ಕೇಳಬಹುದಿತ್ತು. ಆದರೆ ಇದನ್ನು ಅಪ್ಪನನ್ನು ಹೇಗೆ ಕೇಳುವುದು?

ಅವನು ಕೈ ತೊಳೆಯಲು ಹೋದ. ಅವಳು ಬೇಗಬೇಗ ಹೆಡ್ಡಿನ ಪಕ್ಕದ ಮೂಲೆಯನ್ನು ಕರವಸ್ತ್ರದಿಂದ ಒರೆಸಿ ಶೀಸೆ ತೆರೆದಳು. ಒಂದು ಚುಕ್ಕೆ. ಎರಡು. ಅಷ್ಟರಲ್ಲಿ ನಲ್ಲಿ ನಿಂತಿತು. ಕೈ ನಡುಗಿ ಮೂರನೆಯದು ಸಾಲು ತಪ್ಪಿ ಓರೆಯಾಗಿ ಬಿತ್ತು.

"ಏನೋ ಹೂವಿನ ವಾಸನೆ," ಎಂದ ಅವನು ಒಳಗೆ ಬಂದು.

"ನನಗೆ ಗೊತ್ತಿಲ್ಲ," ಎಂದಳು.

"ಅದು ನನ್ನ ಮಾತು ಮೇಡಂ," ಎಂದ ಅವನು. ಅವಳು ನಗದೆ ಇರಲಾರದೆ ಹೋದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತನ್ನ ಮೇಲೆ ತಾನೇ ಸಿಡುಕಿಕೊಂಡಳು. ನಂಬಿದವಳು ಗುರುತು ಹಾಕುವುದೇಕೆ? ನಂಬದವಳು ನಗುವುದೇಕೆ?

ಮರುದಿನ ಕೆಲಸವಿಲ್ಲದಿದ್ದರೂ ಹೋದಳು. "ಬಿರುಕಿಲ್ಲ. ತಳ ಉಜ್ಜಿ ಸಮ ಮಾಡಿದ್ರೆ ಸಾಕು, ಹೊಸದು ಬೇಡ" ಎಂದ. ಅವನು ಬಲಭುಜವನ್ನು ತಗ್ಗಿಸಿ ನಿಲ್ಲುವುದನ್ನು ಕಂಡು, "ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ" ಎಂದು ಗದರಿದಳು. ಅದರ ಮಾರನೆಯ ದಿನ ಅವನು ಅವಳಿಗೆ ಕಾಣುವ ಹಾಗೆಯೇ ಮಂಡಿ ಬಗ್ಗಿಸಿ ಗೇರ್‌ಬಾಕ್ಸ್ ಎತ್ತಿ, ಮಾರ್ಕು ಬಂದ ಹುಡುಗನಂತೆ ತಿರುಗಿ ನೋಡಿದ.

ನಾಲ್ಕನೆಯ ದಿನ ಮಧ್ಯಾಹ್ನ ಹೆಡ್ ತಯಾರಾಗಿತ್ತು. ಬೆಂಚಿನ ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವಳ ಕಣ್ಣು ನೇರವಾಗಿ ಮೂಲೆಗೆ ಹೋಯಿತು.

ಕೆಂಪು ಇರಲಿಲ್ಲ.

ಸುತ್ತ ಹೋಗಿ ನೋಡಿದಳು. ನಾಲ್ಕು ಮೂಲೆಯಲ್ಲೂ ಇರಲಿಲ್ಲ. ಚಿಕ್ಕಮ್ಮನ ಮಾತು ಕಿವಿಯಲ್ಲಿ ಮೊಳಗಿತು. "ಇದು ನಮ್ಮದಲ್ಲ."

"ಮೇಡಂ?"

"ನಮ್ಮದಕ್ಕೆ ಗುರುತಿತ್ತು."

"ಮೂರು ಚುಕ್ಕೆ. ಕೆಂಪು," ಎಂದ ಅವನು ಮೆಲ್ಲಗೆ.

ಅವಳು ಗಕ್ಕನೆ ಅವನತ್ತ ತಿರುಗಿದಳು. "ನೋಡಿದ್ರಾ? ಮತ್ತೆ ಎಲ್ಲಿ ಹೋಯ್ತು?"

"ಬಿಸಿ ಔಷಧಿ ನೀರಲ್ಲಿ ಮುಳುಗಿಸಿ ತೊಳೀತೀವಿ. ಬಣ್ಣ ನಿಲ್ಲೋದಿಲ್ಲ."

"ಎಷ್ಟು ಸುಲಭದ ಉತ್ತರ!" ಅವಳ ದನಿ ಒಡೆಯಿತು. "ಉಳಿದವರೆಲ್ಲ ಎಲ್ಲ ಗೊತ್ತು ಅಂದ್ರು. ನೀವೊಬ್ಬರು ಗೊತ್ತಿಲ್ಲ ಅಂದ್ರಲ್ಲ, ಅದಕ್ಕೇ ನಂಬಿದೆ. ಅದು ನಮ್ಮಪ್ಪನ ಗಾಡಿ. ನನಗೆ ಉಳಿದಿದ್ದು ಅದೊಂದೇ."

ಅವನು ಮುಖ ಸಿಂಡರಿಸಲಿಲ್ಲ. ದನಿ ಏರಿಸಲೂ ಇಲ್ಲ. "ಕಣ್ಣಲ್ಲಿ ಬೇಡ. ಕೈಯಲ್ಲಿ ನೋಡಿ. ನಿಮ್ಮದು ಕೈ ಕೆಲಸ ಅಲ್ವಾ," ಎಂದ.

ಅವಳು ಒಲ್ಲದ ಮನಸ್ಸಿನಿಂದ ಮೂಲೆಯ ಮೇಲೆ ಬೆರಳಾಡಿಸಿದಳು. ಲೋಹ ತಣ್ಣಗಿತ್ತು. ಸಾಸಿವೆ ಕಾಳಿಗಿಂತ ಸಣ್ಣ ಗುಳಿಯೊಂದು ಸಿಕ್ಕಿತು. ಅದರ ಪಕ್ಕ ಇನ್ನೊಂದು.

"ತೊಳೆಯೋಕೆ ಮುಂಚೆ ನಿಮ್ಮ ಬಣ್ಣದ ಮೇಲೇ ಪಂಚ್ ಉಳಿ ಇಟ್ಟು ಗುಳಿ ಹೊಡೆದೆ. ಬಣ್ಣ ಹೋದರೆ ನೀವು ಹುಡುಕ್ತೀರಿ ಅಂತ ಗೊತ್ತಿತ್ತು."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿಮಗೆ ನಾಚಿಕೆ ಆಗ್ತಿತ್ತು. ನಂಬಿಕೆ ಇಲ್ಲದ್ದು ತಪ್ಪಲ್ಲ ಮೇಡಂ. ಮೂರು ಕಡೆ ಅಲೆದು ಬಂದವರು."

ಅವಳು ಇನ್ನೂ ಸೋಲಲು ಸಿದ್ಧಳಿರಲಿಲ್ಲ. "ಬೇರೆ ಹೆಡ್ಡಿಗೂ ಹೀಗೆ ಹೊಡೀಬಹುದಲ್ಲ?"

ಅವನು ತಲೆಯಾಡಿಸಿದ. "ಹೊಡೀಬಹುದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

ಆಗ ಅವಳ ಬೆರಳಿಗೆ ಮೂರನೆಯ ಗುಳಿ ಸಿಕ್ಕಿತು. ಅದು ಸಾಲಿನಲ್ಲಿರಲಿಲ್ಲ, ಸ್ವಲ್ಪ ಕೆಳಗೆ, ಓರೆಯಾಗಿ, ಅವಳ ಕೈ ನಡುಗಿದ ಜಾಗದಲ್ಲಿತ್ತು. ಕೂದಲೆಳೆಯ ಸೊಟ್ಟವನ್ನೂ ಬಿಡದೆ ತಿದ್ದುವ ಈ ಮನುಷ್ಯ ಅವಳ ಸೊಟ್ಟ ಚುಕ್ಕೆಯನ್ನು ಮಾತ್ರ ತಿದ್ದದೆ, ಇದ್ದ ಹಾಗೆಯೇ ಉಳಿಸಿದ್ದ. ಕದಿಯುವವನಿಗೆ ಇಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಅವಳ ಕಣ್ಣು ತುಂಬಿತು. ಮನಸ್ಸಿನಲ್ಲಿಯೇ, ದೇವರೇ, ನನ್ನ ನಾಲಿಗೆಯನ್ನು ಕ್ಷಮಿಸು ಎಂದಳು.

ಬಾಯಲ್ಲಿ ಮಾತ್ರ, "ಪಟ್ಟಿ ಇಡಿ," ಎಂದಳು.

ಇಟ್ಟ. ಆ ಕಡೆಯಿಂದ ಟಾರ್ಚ್ ಹಿಡಿದ. ಅವಳು ಬಗ್ಗಿದಳು. ಈ ತುದಿಯಿಂದ ಆ ತುದಿಯವರೆಗೆ ಕತ್ತಲೆ.

"ಬೆಳಕು ಕಾಣ್ತಾ ಇಲ್ಲ."

"ಹಾಗಾದ್ರೆ ಸರಿಯಾಗಿದೆ."

ಅವಳು ತಲೆ ಎತ್ತಲಿಲ್ಲ. ಮುಖ ನೋಡಿಕೊಂಡು ಆಡಲಾಗದ ಮಾತನ್ನು ಉಕ್ಕಿನ ಪಟ್ಟಿಗೆ ಹೇಳಿದಳು: "ಗಾಡಿ ಕೆಡದಿದ್ದರೂ ನಾನು ಇಲ್ಲಿಗೆ ಬರಬಹುದಾ?"

ಅವನು ಬಾಯಿ ತೆರೆಯುವ ಮೊದಲೇ ಮತ್ತೆ ಅವಳೇ ಅಂದಳು:

"ಗೊತ್ತಿಲ್ಲ ಅಂತೀರೇನೋ."

"ಇಲ್ಲ," ಎಂದ ಅವನು. ದನಿ ಹತ್ತಿರವಿತ್ತು, ಅವನೂ ಬಗ್ಗಿಯೇ ಇದ್ದ. "ಇದು ಗೊತ್ತು. ಬನ್ನಿ. ದಿನಾ ಬನ್ನಿ."

"ಯಾವಾಗಿನಿಂದ ಗೊತ್ತು?"

"ಮೂರನೇ ಚುಕ್ಕೆಯಿಂದ. ಮೋಸ ಹಿಡಿಯೋಕೆ ಬಂದು ಕೈ ನಡುಗಿದವರನ್ನ ನಾನು ನೋಡೇ ಇರಲಿಲ್ಲ."

ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಅವನ ಕಿವಿ ಕೆಂಪಗಾಗಿತ್ತು. ಟಾರ್ಚನ್ನು ಆರಿಸುವುದನ್ನೇ ಮರೆತು ಅವಳ ಮುಖದ ಮೇಲೆ ಹಿಡಿದುಬಿಟ್ಟಿದ್ದ. "ಕಣ್ಣು ಕುಕ್ತಾ ಇದೆ," ಎಂದಳು. ಅವನು ತಡವರಿಸಿ ಆರಿಸಿದ.

ಸಂಜೆಯ ಹೊತ್ತಿಗೆ ಹೆಡ್ ಕೂತಿತು. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡು ಹಳೆಯ ದನಿಯಲ್ಲಿ ಗುನುಗಿತು. ಬಿಳಿ ಹೊಗೆ ಇರಲಿಲ್ಲ. ಅವಳು ಇಳಿದು ಬಂದು ಅಪ್ಪನ ಜಾಗದಲ್ಲಿ ಕೈಯಿಟ್ಟಳು.

"ದೇವರೇ, ಕರ್ಕೊಂಡು ಹೋಗಿ ಕರ್ಕೊಂಡು ಬಾ."

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅವಳ ಕೈಯ ಪಕ್ಕದಲ್ಲಿ ಮೆಲ್ಲಗೆ ಇಟ್ಟ.

"ಇಲ್ಲಿಗೆ," ಎಂದು ಸೇರಿಸಿದ.