ಬಿರುಕನ ಪ್ರಾಣವಿದ್ದ ಜಾಗ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಆಗ ಮೇಘಾವತಿ ಎಂಬ ರಾಜ್ಯವಿತ್ತು. ಅದನ್ನು ಅರಿಂಜಯನೆಂಬ ರಾಜ ಆಳುತ್ತಿದ್ದ. ಅವನ ರಾಣಿ ಪದ್ಮಲೆ. ಅವರಿಗೆ ಆರು ಗಂಡುಮಕ್ಕಳು.

ಒಂದು ದಿನ ಬಿರುಕನೆಂಬ ಮಾಂತ್ರಿಕ ಆ ರಾಜ್ಯಕ್ಕೆ ಬಂದ. ಅವನ ಕೈಯಲ್ಲಿ ಕತ್ತಿಯಿರಲಿಲ್ಲ, ಅವನು ನಡೆದಲ್ಲೆಲ್ಲ ನೆಲ ಸೀಳುತ್ತಿತ್ತು. ಬೇಟೆಗೆ ಹೋಗಿದ್ದ ಆರು ರಾಜಕುಮಾರರನ್ನು ಕಲ್ಲು ಮಾಡಿ ತನ್ನ ಗುಹೆಗೆ ಒಯ್ದ. ಹೋಗುವಾಗ ಊರಿನ ಮೇಲೆ ಒಂದು ಹಿಡಿ ಧೂಳು ತೂರಿದ. ಅಂದಿನಿಂದ ಮೇಘಾವತಿಯಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಾಯಿತು. ಎದುರು ನಿಂತರೆ ಮಾತು ಕೇಳುತ್ತಿತ್ತು, ಕೈಕಾಲು ಕಾಣುತ್ತಿತ್ತು, ಮುಖವಿರುವ ಜಾಗದಲ್ಲಿ ಮಾತ್ರ ಮಂಜು. ಎದುರಿಗಿರುವವರು ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದೆ ಜನ ಮೆಲ್ಲಮೆಲ್ಲಗೆ ಮಾತು ಕಡಿಮೆ ಮಾಡಿದರು. ರಾಜ ಒಂದು ಅರಮನೆಯಲ್ಲಿ, ರಾಣಿ ಇನ್ನೊಂದು ಅರಮನೆಯಲ್ಲಿ ಇರತೊಡಗಿದರು.

ಆ ವರ್ಷವೇ ರಾಣಿಗೆ ಹೆಣ್ಣುಮಗು ಹುಟ್ಟಿತು. ಸುರಗಿ ಎಂದು ಹೆಸರಿಟ್ಟರು. ತಾಯಿ ಮಗಳ ಮುಖವನ್ನು ಬೆರಳುಗಳಿಂದ ತಡವಿ ತಿಳಿದುಕೊಂಡಳು. ಸುರಗಿ ಮಾತ್ರ ಬೆಳೆದು ದೊಡ್ಡವಳಾದರೂ ನೀರಿನಲ್ಲಿ ಕಂಡ ತನ್ನ ಮುಖ ಬಿಟ್ಟರೆ ಬೇರೆ ಯಾವ ಮುಖವನ್ನೂ ನೋಡಿರಲಿಲ್ಲ.

ಒಂದು ದಿನ ಅವಳು ಕೇಳಿದಳು, "ಅವ್ವಾ, ಅಣ್ಣಂದಿರು ಹೇಗಿದ್ದರು?"

"ಮರೆಯುತ್ತಾ ಬಂದಿದೆ ಮಗಳೇ. ದೊಡ್ಡವನ ಮೂಗು ನೆನಪಿದೆ, ಕಣ್ಣು ನೆನಪಾಗುವುದಿಲ್ಲ. ಅದೇ ನನಗೆ ಭಯ."

"ಪೂರ್ತಿ ಮರೆಯುವ ಮೊದಲು ನಾನು ಹೋಗಿ ಕರೆತರುತ್ತೇನೆ."

"ನೀನು ಹುಟ್ಟಿದ್ದೇ ಅವರಿಗೆ ಗೊತ್ತಿಲ್ಲವಲ್ಲೇ," ಎಂದು ತಾಯಿ ಅತ್ತಳು. ಆದರೂ ಬುತ್ತಿ ಕಟ್ಟಿಕೊಟ್ಟಳು.

ಸುರಗಿ ಕಾಡು ದಾಟಿದಳು, ಕಣಿವೆ ದಾಟಿದಳು, ಬಿರುಕನ ಸೀಮೆಯ ಬಾಗಿಲಿಗೆ ಬಂದಳು. ಅಲ್ಲಿ ನಾಲ್ಕು ಸಿಂಹಗಳು ಕೂತಿದ್ದವು. ಒಂದೊಂದೂ ಗೋಪುರದಷ್ಟು ಎತ್ತರ. ಒಂದರ ಕೊರಳಿನಿಂದ ಇನ್ನೊಂದರ ಕೊರಳಿಗೆ ಬೆಂಕಿಯ ಸರಪಳಿ, ಹೀಗೆ ಎಲ್ಲವೂ ಎಲ್ಲದರ ಜೊತೆ ಬಿಗಿದುಕೊಂಡಿದ್ದವು. ನೋಡಿ ಎಣಿಸಲು ಹೋದರೆ ಕಣ್ಣು ಕುಕ್ಕುತ್ತಿತ್ತು.

ಮೊದಲ ಸಿಂಹ ಹೇಳಿತು, "ನನ್ನ ಕೊರಳಲ್ಲಿ ಮೂರು ಸರಪಳಿ. ಮಿಕ್ಕ ಮೂವರ ಕೊರಳಲ್ಲೂ ಮೂರು ಮೂರು. ಒಟ್ಟು ಸರಪಳಿ ಎಷ್ಟು? ಸರಿ ಹೇಳಿದರೆ ನಮಗೆ ಬಿಡುಗಡೆ, ನಿನಗೆ ದಾರಿ. ತಪ್ಪು ಹೇಳಿದರೆ ನಮಗೆ ಊಟ."

ನಾಲ್ಕು ಮೂರ್ಲಿ ಹನ್ನೆರಡು ಎಂದು ಅವಳ ನಾಲಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದಳು. ಸೆರಗನ್ನು ಕಣ್ಣಿಗೆ ಮರೆ ಹಿಡಿದು, ಒಂದೇ ಒಂದು ಸರಪಳಿಯ ಜಾಡು ಹಿಡಿದು ಹೋದಳು. ಅದು ಮೊದಲ ಸಿಂಹದ ಕೊರಳಲ್ಲಿ ಶುರುವಾಗಿ ಎರಡನೆಯದರ ಕೊರಳಲ್ಲಿ ಮುಗಿಯಿತು. 'ಇದನ್ನು ಮೊದಲ ಸಿಂಹವೂ ನನ್ನದು ಎನ್ನುತ್ತದೆ, ಎರಡನೆಯದೂ ನನ್ನದು ಎನ್ನುತ್ತದೆ. ಇರುವುದು ಒಂದು, ಲೆಕ್ಕಕ್ಕೆ ಬಂದಿದ್ದು ಎರಡು ಸಲ. ಪ್ರತಿ ಸರಪಳಿಯ ಕತೆಯೂ ಇದೇ' ಎಂದುಕೊಂಡಳು.

"ಹನ್ನೆರಡರ ಅರ್ಧ," ಎಂದಳು. "ಆರು."

ಆರೂ ಸರಪಳಿಗಳು ಒಟ್ಟಿಗೆ ಆರಿಹೋದವು. ಸಿಂಹಗಳು ಕೊರಳು ಕೊಡವಿ, ಬೆಟ್ಟ ನಡುಗುವಂತೆ ಒಮ್ಮೆ ಗರ್ಜಿಸಿ, ಬಾಗಿಲು ಬಿಟ್ಟು ಕಾಡಿಗೆ ಹೋದವು.

ಮುಂದೆ ಒಂದು ಸರೋವರ. ಆಚೆ ದಡ ಕಾಣದು. ಈಚೆ ದಡದಲ್ಲಿ ಒಬ್ಬ ಮುದುಕಿ, ಅವಳ ಮುಂದೆ ಐದು ಹಕ್ಕಿಗಳು: ನವಿಲು, ಕೋಗಿಲೆ, ಗಿಳಿ, ಹಂಸ, ಗೊರವಂಕ. ಮುದುಕಿ ಮುಖ ಕಾಣದಂತೆ ಮುಸುಕು ಎಳೆದುಕೊಂಡಿದ್ದಳು.

"ಇವುಗಳಲ್ಲಿ ಎರಡೆರಡು ಜೊತೆಯಾಗಿ ಹಾಡಿದರೆ ಸೇತುವೆಯ ಒಂದೊಂದು ಕಮಾನು ಏಳುತ್ತದೆ," ಎಂದಳು ಮುದುಕಿ. "ಎಲ್ಲ ಜೋಡಿಯೂ ಹಾಡಿದರೆ ಸೇತುವೆ ಆಚೆ ದಡ ಮುಟ್ಟುತ್ತದೆ. ಆದರೆ ಒಮ್ಮೆ ಹಾಡಿದ ಜೋಡಿ ಇನ್ನೊಮ್ಮೆ ಹಾಡಿದರೆ ಎಲ್ಲವೂ ಮುಳುಗುತ್ತದೆ, ನೀನೂ ಮುಳುಗುತ್ತೀ."

"ಅಜ್ಜೀ, ಹಾಡಿ ಮುಗಿಸಿದ ಹಕ್ಕಿಯನ್ನು ಹಾರಿಬಿಡಬಹುದೇ?"

"ಅದು ನಿನ್ನಿಷ್ಟ."

ಸುರಗಿ ನವಿಲನ್ನು ಮಡಿಲಿಗೆ ಎತ್ತಿಕೊಂಡಳು. ಅದರ ಜೊತೆ ಮಿಕ್ಕ ನಾಲ್ಕನ್ನು ಒಂದೊಂದಾಗಿ ಹಾಡಿಸಿದಳು. ನವಿಲೂ ಕೋಗಿಲೆಯೂ ಹಾಡಿದಾಗ ಮಳೆಗಾಲದ ಮೋಡದ ಬಣ್ಣದ ಕಮಾನು ಎದ್ದಿತು. ನವಿಲೂ ಹಂಸವೂ ಹಾಡಿದಾಗ ಎದ್ದ ಕಮಾನಿನ ಬಣ್ಣಕ್ಕೆ ಯಾವ ಭಾಷೆಯಲ್ಲೂ ಹೆಸರಿಲ್ಲ. ನವಿಲಿನ ಸರದಿ ಮುಗಿಯಿತು, ಅದನ್ನು ಹಾರಿಬಿಟ್ಟಳು. ಆಮೇಲೆ ಕೋಗಿಲೆಯನ್ನು ಮಿಕ್ಕ ಮೂರರ ಜೊತೆ ಹಾಡಿಸಿ ಹಾರಿಬಿಟ್ಟಳು. ಗಿಳಿಯನ್ನು ಎರಡರ ಜೊತೆ. ಕೊನೆಗೆ ಹಂಸ, ಗೊರವಂಕ ಇಷ್ಟೇ ಉಳಿದವು. ನಾಲ್ಕು, ಮೂರು, ಎರಡು, ಒಂದು. ಹತ್ತು ಕಮಾನುಗಳು ನೀರಿನ ಮೇಲೆ ಸಾಲಾಗಿ ನಿಂತವು. ಐದೇ ಐದು ಹಕ್ಕಿಗಳ ಕೊರಳಲ್ಲಿ ಇಷ್ಟೆಲ್ಲ ಅಡಗಿತ್ತೇ ಎಂದು ಸುರಗಿ ನಿಂತಲ್ಲೇ ನಿಂತಳು.

ಮುದುಕಿ ಹೇಳಿದಳು, "ಕೇಳು ಮಗಳೇ. ಬಿರುಕನ ಪ್ರಾಣ ಗಿಳಿಯಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ. ಅವನ ಗುಹೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಇರುವವರೆಗೆ, ಆ ಇಬ್ಬರ ನಡುವಿನ ಸಂದಿಯಲ್ಲಿ ಅವನು ಬದುಕಿರುತ್ತಾನೆ."

ಸೇತುವೆ ದಾಟಿ ಸುರಗಿ ಗುಹೆ ಹೊಕ್ಕಳು. ದುಂಡನೆಯ ಗುಹೆ, ಮೇಲೆ ಆಕಾಶಕ್ಕೆ ಕಿಂಡಿ. ಆರು ಕಲ್ಲಿನ ಮೂರ್ತಿಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ನಡುವೆ ಬಿರುಕ ಕೂತಿದ್ದ. ಅವನ ಮುಖದ ಜಾಗದಲ್ಲಿ ಒಂದು ಕಪ್ಪು ಸೀಳು ಮಾತ್ರ ಇತ್ತು. ಮಾತು ಅಲ್ಲಿಂದಲೇ ಬಂತು.

"ತಿರುಗಿಸು. ಯಾರನ್ನು ಬೇಕಾದರೂ ತಿರುಗಿಸು. ಸೂರ್ಯ ಮುಳುಗಿದಾಗ ನಾನಿನ್ನೂ ಬದುಕಿದ್ದರೆ ಇಲ್ಲಿ ಏಳನೆಯ ಕಲ್ಲು ನಿಲ್ಲುತ್ತದೆ."

ಸುರಗಿ ಮೂರ್ತಿಗಳ ಬೆನ್ನ ಹಿಂದೆ ನಿಂತು, ಭುಜ ಹಿಡಿದು, ಬೀಸುವ ಕಲ್ಲು ತಿರುಗಿಸುವ ಹಾಗೆ ತಿರುಗಿಸಿದಳು. ಹಿರಿಯಣ್ಣನನ್ನು ಒಬ್ಬೊಬ್ಬ ತಮ್ಮನ ಎದುರಿಗೂ ತಂದಳು. ಕಣ್ಣಿಗೆ ಕಣ್ಣು ಸಿಕ್ಕಾಗಲೆಲ್ಲ ಇಬ್ಬರ ನಡುವೆ ಬೆಳಕಿನ ಒಂದು ಎಳೆ ಮೂಡಿ ನಿಂತಿತು. ಹಿರಿಯಣ್ಣನಿಂದ ಐದು ಎಳೆ, ಎರಡನೆಯವನಿಂದ ನಾಲ್ಕು, ಮುಂದಿನವನಿಂದ ಮೂರು, ಎರಡು, ಒಂದು. ಕೈ ಬೊಬ್ಬೆ ಎದ್ದು ರಕ್ತ ಬಂತು. ಹದಿನೈದು ಎಳೆಗಳು ಗುಹೆಯ ತುಂಬ ನಕ್ಷತ್ರದ ಬಲೆಯಂತೆ ಹೊಳೆದವು.

ಮೂರ್ತಿಗಳು ಕದಲಲಿಲ್ಲ. ಬಿರುಕ ಕೂತೇ ಇದ್ದ. ಕಿಂಡಿಯ ಬಿಸಿಲು ಕೆಂಪಾಯಿತು.

ಸುರಗಿ ಮತ್ತೆ ಎಣಿಸಿದಳು. ಹದಿನೈದು. ಒಂದು ಜೋಡಿಯೂ ಬಿಟ್ಟಿಲ್ಲ, ಒಂದೂ ಎರಡು ಸಲ ಬಂದಿಲ್ಲ. 'ಲೆಕ್ಕ ಸರಿಯಿದ್ದರೆ ಇವರ ನಡುವೆ ಅವನಿಗೆ ಕೂದಲೆಳೆಯಷ್ಟೂ ಜಾಗವಿಲ್ಲ. ಆದರೂ ಬದುಕಿದ್ದಾನೆ. ಹಾಗಾದರೆ ಈ ಗುಹೆಯಲ್ಲಿ ಇನ್ನು ಯಾರಿದ್ದಾರೆ?'

ಆಗ ಅವಳಿಗೆ ತಿಳಿಯಿತು. ಅವಳು ಇಷ್ಟು ಹೊತ್ತೂ ಅಣ್ಣಂದಿರ ಬೆನ್ನ ಹಿಂದೆಯೇ ನಿಂತಿದ್ದಳು, ಒಬ್ಬರ ಮುಖವನ್ನೂ ನೋಡಿರಲಿಲ್ಲ. ಮುಖವೆಂದರೆ ಅವಳಿಗೆ ಭಯ. ನೋಡಿ ಅಭ್ಯಾಸವಿರಲಿಲ್ಲ. ನೋಡಿದರೆ ಅವರು ಕಲ್ಲಿನ ಕಣ್ಣಿನಲ್ಲೇ 'ನೀನು ಯಾರು' ಎಂದು ಕೇಳಿಯಾರು ಎಂಬ ಅಳುಕು.

"ಬೇಡ," ಎಂದ ಬಿರುಕ. ಅವನ ದನಿ ಮೊದಲ ಸಲ ಸಣ್ಣದಾಗಿತ್ತು. "ನೀನು ಇವರ ಪೈಕಿ ಅಲ್ಲ."

ಸುರಗಿ ಹಿರಿಯಣ್ಣನನ್ನು ಬಳಸಿ ಮುಂದೆ ಬಂದಳು. ತಲೆ ಎತ್ತಿದಳು. ಹಣೆ, ಹುಬ್ಬು, ಕಣ್ಣು, ನೀರಿನಲ್ಲಿ ತಾನು ಕಂಡಿದ್ದ ತನ್ನದೇ ಮೂಗು. ಮನುಷ್ಯನ ಮುಖ ಇಷ್ಟು ದೊಡ್ಡ ಸಂಗತಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಣ್ಣೀರು ಇಳಿಯುತ್ತಿದ್ದರೂ ರೆಪ್ಪೆ ಮಿಟುಕಿಸದೆ ನೋಡಿದಳು. ಹದಿನಾರನೆಯ ಎಳೆ ಮೂಡಿತು. ಎರಡನೆಯ ಅಣ್ಣನ ಮುಂದೆ ಹೋದಳು, ಮೂರನೆಯವನ ಮುಂದೆ ಹೋದಳು. ಬಿರುಕ ಒಂದೊಂದು ಎಳೆಗೂ ತೆಳ್ಳಗಾಗುತ್ತಾ ಹೋದ. ಆರನೆಯವನ ಕಣ್ಣು ಸಂಧಿಸಿದಾಗ ಇಪ್ಪತ್ತೊಂದನೆಯ ಎಳೆ ಮೂಡಿತು. ಬಿರುಕನಿದ್ದ ಜಾಗದಲ್ಲಿ ನೆಲ ಕೂಡಿಕೊಂಡಿತು. ಅವನಿದ್ದ ಗುರುತೂ ಉಳಿಯಲಿಲ್ಲ.

ಕಲ್ಲು ಮೈಯಾಯಿತು. ಹಿರಿಯಣ್ಣ ಉಸಿರೆಳೆದುಕೊಂಡ. ಎದುರಿಗೆ ಹುಡುಗಿ, ಕೈಯೆಲ್ಲ ರಕ್ತ.

"ಯಾರಮ್ಮಾ ನೀನು?"

"ಸುರಗಿ. ನೀವು ಹೋದ ಮೇಲೆ ಹುಟ್ಟಿದವಳು. ನಿಮ್ಮ ತಂಗಿ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಉತ್ತರೀಯ ಹರಿದು ಅವಳ ಅಂಗೈಗೆ ಕಟ್ಟುತ್ತಾ ತಮ್ಮಂದಿರನ್ನು ಕರೆದ. "ಬನ್ರೋ, ಇಲ್ಲಿ ನೋಡಿ. ನಾವು ಆರು ಜನ ಅಲ್ಲ, ಏಳು."

ಮೇಘಾವತಿಯಲ್ಲಿ ಆ ಸಂಜೆ ಮಂಜು ಕರಗಿತ್ತು. ಗಂಡ ಹೆಂಡಿರು, ನೆರೆಹೊರೆಯವರು ಬೀದಿಗೆ ಬಂದು ಒಬ್ಬರನ್ನೊಬ್ಬರು ಸುಮ್ಮನೆ ನೋಡುತ್ತಾ ನಿಂತಿದ್ದರು. ರಾಜ ರಾಣಿ ಒಂದೇ ಬಾಗಿಲಲ್ಲಿ ಕಾಯುತ್ತಿದ್ದರು. ಏಳು ಮಂದಿಯೂ ಕಣಿವೆ, ಕಾಡು ದಾಟಿ ಊರಿಗೆ ಬಂದಾಗ ಪದ್ಮಲೆ ಆರು ಗಂಡುಮಕ್ಕಳನ್ನು ಕಂಡಳು. ಏಳನೆಯವಳ ಮುಂದೆ ಬಂದು, ರೂಢಿಯಂತೆ ಎತ್ತಿದ ಬೆರಳುಗಳನ್ನು ಕೆಳಗಿಳಿಸಿ, ಕಣ್ಣು ತುಂಬ ನೋಡಿದಳು.

ಅಂದಿನಿಂದ ಆ ನಾಡಿನಲ್ಲಿ ಯಾರೂ ಮುಖ ತಿರುಗಿಸಿ ನಡೆಯಲಿಲ್ಲ. ಮಳೆ ಬೆಳೆ ಚೆನ್ನಾಗಿತ್ತು, ಎಲ್ಲರೂ ನೆಮ್ಮದಿಯಾಗಿ ಬಾಳಿದರು.