ಒಂಬತ್ತನೆಯ ಪ್ರಶ್ನೆ

ಮದುವೆಯಾಗಿ ಏಳು ವರ್ಷ ಕಳೆದರೂ ಮಾವ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ‘ಪಾಲಿಸಿ’ ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ರೂಢಿಗೆ. ತಮ್ಮ ಕನ್ನಡಕದ ಅಂಗಡಿಗೆ ಬಂದ ಗಿರಾಕಿಗಳ ಮುಂದೆಯೇ, “ಬಾಪ್ಪ ಪಾಲಿಸಿ, ಇವತ್ತು ಯಾರನ್ನ ಸಾಯ್ತೀರಾ ಅಂತ ಹೆದರಿಸಿ ಬಂದೆ?” ಎಂದು ಕೇಳಿ, ಕಣ್ಣು ಪರೀಕ್ಷೆಗೆ ಕೂತವರನ್ನೂ ನಗಿಸುತ್ತಿದ್ದರು. ಅವನೂ ನಗುತ್ತಿದ್ದ. ನಗುವುದು ವಿಮಾ ಸಲಹೆಗಾರನ ಕಸುಬಿನ ಅರ್ಧ ಭಾಗ. ಇನ್ನರ್ಧ, ಎದುರಿಗೆ ಕೂತವನು ಏನನ್ನೂ ಓದುವುದಿಲ್ಲ ಎಂಬ ಭರವಸೆ.

ಆ ಭರವಸೆ ಒಮ್ಮೆಯೂ ಹುಸಿಯಾಗಿರಲಿಲ್ಲ. ಪ್ರೊಫೆಸರು, ವಕೀಲರು, ದಪ್ಪ ದಪ್ಪ ಪುಸ್ತಕ ಬರೆದವರು, ಎಲ್ಲರೂ ಅವನ ಬೆರಳು ತೋರಿಸಿದ ಜಾಗದಲ್ಲಿ ಕುರಿಗಳ ಹಾಗೆ ಸಹಿ ಹಾಕಿದ್ದರು. ಹದಿನೈದು ವರ್ಷ ಇಂಥವರನ್ನು ನೋಡಿ ನೋಡಿ ಅವನಿಗೆ ಮನುಷ್ಯಜಾತಿಯ ಮೇಲೇ ಒಂದು ಬಗೆಯ ಹೇಸಿಗೆ ಬಂದಿತ್ತು. ಆ ಜಾತಿಯಲ್ಲಿ ತನ್ನನ್ನು ಅವನು ಸೇರಿಸಿಕೊಂಡಿರಲಿಲ್ಲ.

ಅಂಗಡಿಯ ಮೇಲಿನ ಮಹಡಿಯನ್ನು ತನ್ನ ಆಫೀಸಿಗೆ ಕೊಡಿ ಎಂದು ಕೇಳಿದಾಗ ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, “ನೀನು ಬೋರ್ಡ್ ಹಾಕಿದ್ರೆ ನನ್ನ ಅಂಗಡಿಗೂ ಜನ ಬರಲ್ಲ ಕಣಪ್ಪ” ಎಂದಿದ್ದರು. ಮರುವಾರವೇ ಅದನ್ನು ಚಿತ್ರಕಲೆ ಹೇಳಿಕೊಡುವ ಹೆಂಗಸಿಗೆ ಬಾಡಿಗೆಗೆ ಕೊಟ್ಟರು. ಅವನ ಹೆಂಡತಿ ಮಾವನಿಗೆ ಒಬ್ಬಳೇ ಮಗಳು. ಅಂಗಡಿ, ಮಹಡಿ, ಹಿಂದಿನ ಮನೆ, ಎಲ್ಲ ಒಂದಲ್ಲ ಒಂದು ದಿನ ಅವಳಿಗೇ ಬರಬೇಕು. ಆ ಒಂದು ದಿನ ಮಾತ್ರ ಬರುತ್ತಲೇ ಇರಲಿಲ್ಲ.

ಆಗ ಮಾವನ ಹೃದಯ ಅವನ ನೆರವಿಗೆ ಬಂತು.

ಕವಾಟವೊಂದು ಸೋರುತ್ತಿದೆ, ಶ್ವಾಸಕೋಶ ಸೊರಗಿದೆ, ಎದೆ ಸೀಳಿದರೆ ತಡೆಯುವುದಿಲ್ಲ ಎಂದರು ಡಾಕ್ಟರು. ತೊಡೆಯ ರಕ್ತನಾಳದ ಮೂಲಕ ಅದನ್ನು ಸರಿಪಡಿಸುವವರು ಹೊರದೇಶದ ಒಂದು ಆಸ್ಪತ್ರೆಯಲ್ಲಿ ಇದ್ದಾರಂತೆ. ಈಗಲೇ ಬೇಡ, ವರ್ಷ ಒಂದೂವರೆ ವರ್ಷದಲ್ಲಿ ಬೇಕಾಗುತ್ತದೆ. ಅಷ್ಟರೊಳಗೆ ಅದಕ್ಕೊಪ್ಪುವ ವಿಮೆ ಮಾಡಿಸಿಟ್ಟುಕೊಳ್ಳಿ ಎಂದರು.

“ನಮ್ಮ ಪಾಲಿಸಿ ಇದ್ದಾನಲ್ಲ” ಎಂದರು ಮಾವ. ಆ ಮಾತಿನಲ್ಲಿ ಮೊದಲ ಸಲ ಗೇಲಿ ಇರಲಿಲ್ಲ. ಅವನು ಅದನ್ನು ಗಮನಿಸಿದ. ತಡವಾಯಿತು ಎಂದುಕೊಂಡ.

ತಪ್ಪು ಪಾಲಿಸಿ ಕೊಡಿಸುವುದು ದಡ್ಡರ ಕೆಲಸ. ನಾಳೆ ಬೆರಳು ತನ್ನ ಕಡೆಗೇ ತಿರುಗುತ್ತದೆ. ಅವನು ಮೂರು ಕಂಪನಿಗಳ ಷರತ್ತುಗಳನ್ನು ತರಿಸಿ, ಹೆಂಡತಿಯ ಎದುರಿಗೇ ಊಟದ ಮೇಜಿನ ಮೇಲೆ ಹರಡಿ ಕೂತ. ಮೊದಲನೆಯದು ಹೊರದೇಶದಲ್ಲಿ ದಿಢೀರನೆ ಕಾಯಿಲೆ ಬಿದ್ದರೆ ಮಾತ್ರ ಕೊಡುತ್ತಿತ್ತು, ಚಿಕಿತ್ಸೆಗೆಂದೇ ಹೋದರೆ ಇಲ್ಲ. ಎರಡನೆಯದು ಕೊಡುತ್ತಿತ್ತು, ಆದರೆ ಇರುವ ಕಾಯಿಲೆಗೆ ನಾಲ್ಕು ವರ್ಷ ಕಾಯಬೇಕು. ಮೂರನೆಯದಕ್ಕೆ ಒಂದೇ ವರ್ಷ: ಇರುವ ಕಾಯಿಲೆಯನ್ನು ಮೊದಲೇ ಹೇಳಿರಬೇಕು, ಹೊರಡುವ ಮುಂಚೆ ಕಂಪನಿಯ ಒಪ್ಪಿಗೆ ಪತ್ರ ಪಡೆದಿರಬೇಕು. “ಮೂರನೇದೇ ಸರಿ” ಎಂದ. “ಎಷ್ಟು ಕಷ್ಟಪಟ್ಟು ಹುಡುಕಿದ್ರಿ!” ಎಂದು ಹೆಂಡತಿ ಕಣ್ಣು ತುಂಬಿಕೊಂಡಳು. ಅವಳೂ ಆ ಜಾತಿಯವಳೇ ಎಂದುಕೊಂಡ.

ಮೂರನೆಯದರ ಅರ್ಜಿಯಲ್ಲಿ ಒಂಬತ್ತನೆಯ ಪ್ರಶ್ನೆ ಹೀಗಿತ್ತು: ಈಗಾಗಲೇ ಹೃದಯ ಸಂಬಂಧಿ ತೊಂದರೆ ಇದೆಯೇ? ಅವನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದ. ಅಷ್ಟೇ ಕೊಲೆ. ವಿಷವಿಲ್ಲ, ಚಾಕುವಿಲ್ಲ, ರಕ್ತದ ಕಲೆ ತೊಳೆಯುವ ರಗಳೆಯಿಲ್ಲ. ವರ್ಷ ಕಳೆದು ಒಪ್ಪಿಗೆ ಕೇಳಿದಾಗ ಡಾಕ್ಟರ ಹಳೆಯ ವರದಿಯನ್ನು ನೋಡಿ ಕಂಪನಿ ಬಾಗಿಲು ಹಾಕುತ್ತದೆ. ಕಟ್ಟಡ ಮಾರಿ ದುಡ್ಡು ಹೊಂದಿಸುವಷ್ಟು ಪುರುಸೊತ್ತು ಆ ಕವಾಟಕ್ಕೆ ಇರುವುದಿಲ್ಲ. ಯಾರಾದರೂ ಕೇಳಿದರೆ, ಕಂತು ಜಾಸ್ತಿಯಾಗುತ್ತದೆಂದು ಮಾವನೇ ಮುಚ್ಚಿಡಲು ಹೇಳಿದರು ಎಂದರಾಯಿತು. ಅವರ ಜಿಪುಣತನ ಬೀದಿಗೆಲ್ಲ ಗೊತ್ತು.

ಮಧ್ಯಾಹ್ನ ಅಂಗಡಿ ಖಾಲಿಯಿದ್ದ ಹೊತ್ತಿಗೆ ಅರ್ಜಿ ಹಿಡಿದು ಹೋದ. ಮಾವ ಮಸೂರವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಂದವರಿಗೆಲ್ಲ ಗೋಡೆಯ ಮೇಲಿನ ಕಟ್ಟಕಡೆಯ ಸಾಲು ಓದಿಸುವ ಮನುಷ್ಯ.

“ಓದಿ ನೋಡಿ ಮಾವ.”

“ನೀನು ಓದಿದೀಯಲ್ಲ, ಸಾಕು. ಎಲ್ಲಿ ಹಾಕ್ಲಿ?”

ಅವನು ಬೆರಳಿಟ್ಟು ತೋರಿಸಿದ.

ಉಳಿದದ್ದು ಒಂದೇ ತೊಡಕು. ಪಾಲಿಸಿ ಕೊಡುವ ಮುಂಚೆ ಕಂಪನಿಯವರು ಗ್ರಾಹಕರಿಗೆ ಫೋನು ಮಾಡಿ ಉತ್ತರಗಳನ್ನು ಇನ್ನೊಮ್ಮೆ ಕೇಳುತ್ತಾರೆ. ಮಾವನ ಕೈಗೆ ಫೋನು ಸಿಕ್ಕರೆ ಕವಾಟದ ಪುರಾಣ ಅರ್ಧ ಗಂಟೆಗೂ ಮುಗಿಯದು. ಅದಕ್ಕೇ ಅರ್ಜಿಯಲ್ಲಿ ತನ್ನ ಇನ್ನೊಂದು ನಂಬರು ಬರೆದಿದ್ದ. ಮೂರನೆಯ ದಿನ, ಕಾರಿನಲ್ಲಿ ಕೂತಿದ್ದಾಗ ಕರೆ ಬಂತು. ಮುದುಕನ ಗಂಟಲು ಮಾಡಬೇಕೇ ಎಂದು ಕ್ಷಣ ಯೋಚಿಸಿ ಬಿಟ್ಟುಬಿಟ್ಟ. ದಿನಕ್ಕೆ ಇನ್ನೂರು ಜನರ ಜೊತೆ ಗಿಣಿಪಾಠ ಒಪ್ಪಿಸುವ ಹುಡುಗಿ; ಅವಳಿಗೇನು ಗೊತ್ತು ಮಾವನ ಧ್ವನಿ ಹೇಗಿದೆಯೆಂದು? ಹುಟ್ಟಿದ ದಿನ ಹೇಳಿದ, ವಿಳಾಸ ಹೇಳಿದ, ಒಂಬತ್ತನೆಯದಕ್ಕೆ “ಇಲ್ಲಮ್ಮ, ಗುಂಡುಕಲ್ಲಿನ ಹಾಗಿದೀನಿ” ಎಂದ. ಹುಡುಗಿ ನಕ್ಕಳು.

ಒಂದು ವರ್ಷ ಎರಡು ತಿಂಗಳಾದ ಮೇಲೆ ಮಾವನಿಗೆ ಹಿಂದಿನ ಮನೆಯಿಂದ ಅಂಗಡಿಯವರೆಗೆ ನಡೆಯುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಹೊರದೇಶದ ಆಸ್ಪತ್ರೆ ದಿನ ಕೊಟ್ಟಿತು. ಒಪ್ಪಿಗೆಗೆ ಅರ್ಜಿ ಹೋಯಿತು. ಹದಿನೇಳನೆಯ ದಿನ, ಅವನು ಎಣಿಸಿದ್ದಕ್ಕಿಂತ ಎರಡು ದಿನ ಮೊದಲೇ, ತಿರಸ್ಕಾರದ ಪತ್ರ ಬಂತು. ಕಾಯಿಲೆ ಮುಚ್ಚಿಟ್ಟ ಕಾರಣ.

ಅವನ ಲೆಕ್ಕದಲ್ಲಿ ಇಲ್ಲದಿದ್ದದ್ದು ಹೆಂಡತಿಯ ಹಟ. “ನಮ್ಮಪ್ಪ ಜಿಪುಣ ಇರಬಹುದು, ಸುಳ್ಳ ಅಲ್ಲ” ಎಂದು ಅಪ್ಪನನ್ನೂ ಗಂಡನನ್ನೂ ಹೊರಡಿಸಿಕೊಂಡು ಕಂಪನಿಯ ಕಚೇರಿಗೆ ಬಂದಳು. ಅವನು ಆರಾಮವಾಗಿಯೇ ಬಂದ. ಬರದಿದ್ದರೆ ಚೆನ್ನಾಗಿರುವುದಿಲ್ಲ.

ದೂರು ವಿಭಾಗದ ಅಧಿಕಾರಿಣಿ ನಡುವಯಸ್ಸಿನವಳು, ಮೆದು ಮಾತಿನವಳು. ಅರ್ಜಿಯನ್ನು ಅವರ ಕಡೆ ತಿರುಗಿಸಿದಳು. ಸಹಿ ಮಾವನದೇ.

“ನಾನು ಕೇಳಿದ್ದೆ” ಎಂದ ಅವನು, ತಲೆ ತಗ್ಗಿಸಿ, ನೊಂದವನ ದನಿಯಲ್ಲಿ. “ಮಾವ, ಬೇಡ, ಕಂತು ಜಾಸ್ತಿ ಆಗುತ್ತೆ ಅಂದ್ರು. ನಾನೇ ಗಟ್ಟಿಯಾಗಿ ಹೇಳಬೇಕಿತ್ತು.”

ಮಾವ ಉಸಿರಿಗಾಗಿ ಕಾದು ನಿಧಾನ ಹೇಳಿದರು: “ಅವನು ಕೇಳಿದ್ದೆ ಅಂತಾನಲ್ಲ, ಕೇಳೇ ಇರ್ತಾನೆ. ನನಗೇ ಮರೆತಿರಬೇಕು. ಅವನನ್ನ ಏನೂ ಅನ್ನಬೇಡಮ್ಮ.”

ಸಾಯುವ ಹೊತ್ತಿನಲ್ಲೂ ಓದದೆ ನಂಬುವ ಮನುಷ್ಯ! ಅವನಿಗೆ ನಗು ಬಂತು. ಕೆಮ್ಮಿ ನುಂಗಿಕೊಂಡ.

“ನನಗೆ ನಂಬಿಕೆ ಬರಲ್ಲ” ಎಂದು ಹೆಂಡತಿ ಅಧಿಕಾರಿಣಿಯ ಕಡೆ ತಿರುಗಿದಳು. “ನಮ್ಮಪ್ಪನೇ ಬಾಯಿಬಿಟ್ಟು ಹೇಳಿದ್ರು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ?”

“ಇದೆಯಮ್ಮ” ಎಂದು ಅಧಿಕಾರಿಣಿ ಬೇಸರದಿಂದಲೇ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿ ಧ್ವನಿ ಹೆಚ್ಚಿಸಿದಳು. ಮೊದಲು ಬಂದದ್ದು ಆ ಹುಡುಗಿಯ ಗಿಣಿಪಾಠ: “ನಮಸ್ಕಾರ ಸರ್, ಈ ಕರೆಯನ್ನು ಧ್ವನಿಮುದ್ರಣ ಮಾಡಲಾಗುತ್ತಿದೆ.” ಎಲ್ಲ ಗಿರಾಕಿಗಳ ಹಾಗೆ ಅವನೂ ಅಂದು ಆ ಸಾಲಿಗೆ ಕಿವಿಗೊಟ್ಟಿರಲಿಲ್ಲ. ಆಮೇಲೆ ಮಾವನ ಹುಟ್ಟಿದ ದಿನ ಕೇಳಿಸಿತು, ಮಾವನ ವಿಳಾಸ ಕೇಳಿಸಿತು, ಗುಂಡುಕಲ್ಲು ಕೇಳಿಸಿತು, ಎಲ್ಲ ಸ್ಪಷ್ಟವಾಗಿ, ನಲವತ್ತು ದಾಟದ ಗಂಟಲಿನಲ್ಲಿ. ಅಧಿಕಾರಿಣಿ ಕುರ್ಚಿಯಲ್ಲಿ ಬಾಡಿ ಕೂತ ಮುದುಕರನ್ನು ಒಮ್ಮೆ ನೋಡಿದಳು, ಧ್ವನಿ ನಿಲ್ಲಿಸಿದಳು, ತಿರಸ್ಕಾರದ ಪತ್ರವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. “ಇದು ನಿಮ್ಮ ತಂದೆ ಮಾತಾಡಿದ್ದಲ್ಲ ಅಂದ್ರೆ, ಮುಚ್ಚಿಟ್ಟೋರು ಅವರಲ್ಲ, ಫೈಲು ಮತ್ತೆ ತೆಗೀಬೇಕಾಗುತ್ತೆ. ಯಾರ ಧ್ವನಿ ಅಂತ ಗುರುತು ಸಿಗುತ್ತಾಮ್ಮ?” ಎಂದಳು. ಅವನ ಹೆಂಡತಿ ಪರದೆಯ ಕಡೆ ನೋಡುತ್ತಿರಲಿಲ್ಲ.