ನಡುಹೊಳೆಯಲ್ಲಿ ನಿಂತ ಇಂಜಿನ್

"ಇಂಜಿನ್ ಯಾಕ ಬಂದ್ ಆತ್ರಿ?"

ತರನ್ನುಮಳ ಎದೆ ಧಸಕ್ಕೆಂದಿತು. ತುಂಗಭದ್ರೆಯ ನಟ್ಟನಡುವೆ ಅವಳ ಪುಟ್ಟ ದೋಣಿಯ ಇಂಜಿನ್ ಕೆಮ್ಮಿ, ಕೆಮ್ಮಿ, ಸುಮ್ಮನಾಗಿತ್ತು!

ಕೇಳಿದವನು ಬ್ಯಾಡಗಿಯ ಅಜೀಮ. ಆಚೆ ದಡದ ಊರಿನ ಮದುವೆಗೆ ಹೊರಟಿದ್ದ. ಪಕ್ಕದಲ್ಲಿ ಅವನ ತಾಯಿ ಖತೀಜಾಬಿ ರೇಷ್ಮೆ ಸೀರೆಯುಟ್ಟು, ದೋಣಿಯ ಅಂಚು ಬಿಗಿಹಿಡಿದು ಕುಳಿತಿದ್ದರು.

ಹತ್ತುವಾಗಲೇ ಅವನು, "ಇಂಜಿನ್ ಬರೋಬ್ಬರಿ ಐತಿಲ್ರಿ?" ಎಂದು ಕೇಳಿದ್ದ.

"ನಾನಽ ರಿಪೇರಿ ಮಾಡೇನಿ. ಹೆದರಿಕಿ ಇದ್ರ ಈಜಿಕೋತ ಬರ್ರಿ!" ಎಂದು ಬಾಯಿ ಮಾಡಿದ್ದಳು ಇವಳು. ಅವನು ನಕ್ಕಿದ್ದ. ಆ ನಗು ಅವಳಿಗೆ ಇಷ್ಟವೂ ಆಗಿತ್ತು...

ಅಪ್ಪ ಶಮಶೇರಸಾಬ ಕಾಲು ಮುರಿದು ಮಂಚ ಹಿಡಿದ ಮೇಲೆ ದೋಣಿ ಅವಳದೇ. ಮೊಬೈಲಿನಲ್ಲಿ ವಿಡಿಯೋ ನೋಡಿ, ಡೀಸೆಲ್ ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿ, ಇಂಜಿನ್ ಗುಡುಗಿದಾಗ ಒಬ್ಬಳೇ ಚಪ್ಪಾಳೆ ಹೊಡೆದುಕೊಂಡಿದ್ದಳು.

ಈಗ ಹ್ಯಾಂಡಲ್ ತಿರುಗಿಸಿಯೇ ತಿರುಗಿಸಿದಳು. ಉಹೂಂ! ಸೆಳವು ದೋಣಿಯನ್ನು ಎಳೆದೊಯ್ದು ಬಂಡೆಗೆ ಬಡಿಯಿತು. ಖತೀಜಾಬಿ ನೀರಿಗೆ ಬಿದ್ದರು!

"ಅಮ್ಮಿ!" ಅಜೀಮ ಹಾರಿ ಅವರನ್ನು ತಬ್ಬಿ ಹಿಡಿದ. ಪುಣ್ಯಕ್ಕೆ ಅಲ್ಲಿ ನೀರು ಎದೆಮಟ್ಟ. ಮೀನುಗಾರರು ಬಂದು ಎಲ್ಲರನ್ನೂ ಹೊರಟಿದ್ದ ದಡಕ್ಕೇ, ಗುತ್ತಲದ ಕಡೆಗೆ, ಮರಳಿ ಮುಟ್ಟಿಸಿದರು.

"ಹುಡುಗಿ ಕೈಯಾಗ ಇಂಜಿನ್ ಕೊಟ್ರ ಹಿಂಗಽ ಆಗೋದು!" ಸೇರಿದ ಜನರಲ್ಲಿ ಯಾರೋ ಅಂದರು.

ತರನ್ನುಮಳ ಕಿವಿ ಕಾದವು. ಅಜೀಮನತ್ತ ಬೆರಳು ಮಾಡಿದಳು. "ನಂದೇನೂ ತಪ್ಪಿಲ್ಲ! ಇವ್ರು ಕಾಲಿಲೆ ಡೀಸೆಲ್ಲಿನ ನಲ್ಲಿ ತಿರುವಿ ಬಂದ್ ಮಾಡ್ಯಾರ!"

ಅವಳು ಅದನ್ನು ಕಂಡಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟಳು.

ಅಜೀಮನ ಮುಖ ಬಿಳುಚಿತು. ಅವನು ಕುಳಿತದ್ದು ನಲ್ಲಿಯ ಪಕ್ಕದಲ್ಲೇ. "ನನ್ನ ಕಾಲು ತಾಗಿರಬೇಕು..." ಎಂದು ತಲೆ ತಗ್ಗಿಸಿದ. ನಡುಗುತ್ತಿದ್ದ ತಾಯಿಯನ್ನು ಕಣ್ಣೆತ್ತಿ ನೋಡಲೂ ಆಗಲಿಲ್ಲ ಅವನಿಗೆ.

ಮಧ್ಯಾಹ್ನ ತರನ್ನುಮ ಟ್ಯಾಂಕನ್ನು ಮನೆಗೆ ತಂದು ಬಿಚ್ಚಿದಳು. ಪೈಪಿನ ಬಾಯಿಗೆ ಒಂದು ಬಟ್ಟೆಯ ಚೂರು ಮೆತ್ತಿಕೊಂಡಿತ್ತು. ಟ್ಯಾಂಕು ಒರೆಸಲು ಅವಳೇ ಹರಿದಿದ್ದ ಹಳೆಯ ಓಢಣಿ!

'ನಾನಽ... ಎಲ್ಲಾ ನಾನಽ ಮಾಡೇನಿ!'

"ಏನಾಗಿತ್ತ ಬೇಟಾ?" ಮಂಚದಿಂದ ಅಪ್ಪ ಕೇಳಿದರು.

"ಏನಿಲ್ಲ... ಕಸಾ." ಬಟ್ಟೆಯ ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಕೆಲವು ದಿನ ಕಳೆದ ಮೇಲೆ ಅಜೀಮನೇ ದಡಕ್ಕೆ ಬಂದ. ಕೈಯಲ್ಲಿ ಹೊಸ ನಲ್ಲಿ.

"ನನ್ನ ಕಾಲಿಲೆ ಕೆಟ್ಟಿರಬೇಕು. ಇದನ್ನ ಹಾಕ್ರಿ."

"ಅಮ್ಮಿ... ಹೆಂಗದಾರ?"

"ಜ್ವರ ಇಳದೈತಿ. ನನ್ನ ಕೂಡ ಮಾತಾಡವಲ್ಲರು."

ತರನ್ನುಮಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಿಮ್ಮ ಕಾಲು ತಾಗಿಲ್ರಿ! ಟ್ಯಾಂಕಿನಾಗ ನಾನಽ ಬಟ್ಟಿ ಮರತಿದ್ದೆ. ಮಂದಿ ಮುಂದ ಸುಳ್ಳ ಹೇಳ್ದೆ..."

ಅವನು ಹೊಸ ನಲ್ಲಿಯನ್ನು ದೋಣಿಯ ಅಂಚಿನ ಮೇಲಿಟ್ಟ.

"ಇಂಜಿನ್ ಯಾರ ಕೈಯಾಗೂ ಕೆಡತೈತಿ. ಆದರ ನನ್ನ ತಾಯಿನ್ನ ನಾನಽ ಮುಳುಗಿಸ್ತಿದ್ದೆ ಅಂತ ದಿನಾ ಸಾಯಾಕತ್ತಿದ್ದೆ. ಗೊತ್ತಿದ್ದೂ ಸುಮ್ಮನಿದ್ರೇನು?"

ಉತ್ತರಕ್ಕೆ ಕಾಯದೆ ನಡೆದುಬಿಟ್ಟ.

ಮರುದಿನ ಮೊದಲು ದಡದ ಜನಕ್ಕೆಲ್ಲ ನಿಜ ಹೇಳಿದಳು. ಆಮೇಲೆ ಬ್ಯಾಡಗಿಯ ಬಸ್ಸು ಹತ್ತಿದಳು. ಖತೀಜಾಬಿಯ ಅಂಗಳದ ತುಂಬ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ಕಣ್ಣುರಿಯುತ್ತಿತ್ತು. ಎಲ್ಲರೆದುರು ಎಲ್ಲವನ್ನೂ ಹೇಳಿದಳು. ಹೆಂಗಸರ ಕೈ ನಿಂತವು.

"ಅಷ್ಟು ಮಂದಿ ಮುಂದ ನನ್ನ ಮಗನ ತಲಿ ತಗ್ಗಿಸಿದೆಲ್ಲ!" ಖತೀಜಾಬಿಯ ದನಿ ನಡುಗಿತು.

"ಹೌದ್ರಿ ಅಮ್ಮಿ. ಅದಕ್ಕಽ ಮಂದಿ ಮುಂದಽ ನನ್ನ ತಲಿ ತಗ್ಗಿಸೇನಿ."

ಖತೀಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಗನ ಮ್ಯಾಲೆ ನಾನೂ ಸುಮ್ಮನಽ ಸಿಟ್ಟಾದೆ... ನಿನಗ ಮಾಫಿ ಕೊಡಾಕ ಟೈಮ್ ಹಿಡಿತೈತಿ. ಬಿಸಿಲಾಗ ಬಂದೀದಿ, ನೀರು ಕುಡದು ಹೋಗು."

ಬಾಗಿಲ ಮರೆಯಲ್ಲಿ ಅಜೀಮ ನಿಂತಿದ್ದ. ಅವಳು ತಲೆ ಎತ್ತಲಿಲ್ಲ.

ದೋಣಿಗೆ ಜನ ಕಡಿಮೆಯಾದರು. ಆದರೂ ಅವಳು ಇಂಜಿನ್ ಬಿಚ್ಚಿ, ಜೋಡಿಸಿ, ಪ್ರತಿ ಭಾಗವನ್ನೂ ಅಪ್ಪನಿಗೆ ತೋರಿಸಿ ಕಲಿಯುತ್ತಿದ್ದಳು. ಒಂದು ಸಂಜೆ ಕೈಯೆಲ್ಲ ಗ್ರೀಸ್ ಆಗಿದ್ದಾಗ ಮರಳಿನ ಮೇಲೆ ಹೆಜ್ಜೆ ಸಪ್ಪಳವಾಯಿತು.

ಅಜೀಮ!

"ನನ್ನ ಮುಖಾ ನೋಡಾಕ ನಿಮಗ ಬ್ಯಾಸರ ಆಗೂದಿಲ್ಲೇನ್ರಿ?" ಅವಳ ದನಿ ಒಡೆಯಿತು.

"ಅಮ್ಮಿ ಈಗ ಮಾತಾಡ್ತಾರ. ಅದ್ರಾಗ ನಿಮ್ಮ ಸುದ್ದೀನಽ ಜಾಸ್ತಿ." ಅವನು ದೋಣಿಯ ಅಂಚಿನ ಮೇಲೆ ಕುಳಿತ. "ನನ್ನ ಸಿಟ್ಟು ಇನ್ನೂ ಪೂರಾ ಇಳದಿಲ್ಲ. ಆದರ ನಿಮ್ಮನ್ನ ನೋಡದ ಇರಾಕೂ ಆಗವಲ್ದು, ತರನ್ನುಮ..."

ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳ ಕಣ್ಣು ತುಂಬಿದವು.

"ಸಿಟ್ಟು ಇರೂತನಕ ದಿನಾ ಬಂದು ಬೈರಿ. ಕೇಳ್ತೇನಿ."

"ಇಳಿಯಾಕ ಜಿಂದಗಿ ಪೂರ್ತಿ ಹಿಡದ್ರ?"

ಆ ಸುಳ್ಳಿನ ನಂತರ ಅವಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ಹಿಡೀಲಿ... ನಾನೆಲ್ಲೂ ಹೋಗೂದಿಲ್ಲ."